ಸಬ್ ಠೀಕ್ ಎಂದವನ ಹಾಲೆಂಡ್ ಯಾತ್ರೆ

ಹನಕೆರೆ: ಹೊರಡುವ ಮುನ್ನ

ನಮ್ಮ ಮಂಡ್ಯ ಕಡೆಯಿಂದ ವಿದೇಶಕ್ಕೆ ಹೋಗಿ ಬಂದವರು ಬೇಕಾದಷ್ಟು ಜನ ಇದ್ದಾರೆ. ಹುಚ್ಚು ಬಿಡಿಸಿಕೊಂಡು ಬರಲು ಹೋದವರು ಮಾತ್ರ ನಾನು, ನನ್ನ ಜೊತೆಯ ನಿಂಗರಾಜ ಇಬ್ಬರೇ ಎಂದು ನನ್ನ ಹೆಂಡತಿ ಸಾಕಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಹುಚ್ಚಲ್ಲ ಕಣೇ, ಸಾವು ನೋವು ಕಂಡ ಸೈನಿಕರ ಮನಸ್ಸು ವರ್ಷಗಳಾದರೂ ಆ ದಿನದಿಂದ ಈಚೆಗೆ ಬರದೆ ಸಿಕ್ಕಿಕೊಳ್ಳುವ ಕಾಯಿಲೆ ಅದು, ಅದಕ್ಕೆ ಹಳೆಯ ಚಿಕಿತ್ಸೆ ಹೊಸ ಚಿಕಿತ್ಸೆ ಎಂದೆಲ್ಲ ಇವೆ, ಎರಡನ್ನೂ ನೋಡಲು ಕರೆದಿದ್ದಾರೆ ಎಂದು ನಾನು ತಿದ್ದಿದೆ. "ಅಷ್ಟುದ್ದ ಯಾರು ಯೋಳ್ತಾರೆ? ಹುಚ್ಚು ಅಂದ್ರೆ ಬೇಗ ಮುಗೀತದೆ," ಎಂದಳು.

ಕಾಯಿಲೆ ನನ್ನದಲ್ಲ, ಕಿರುಗಾವಲಿನ ನಿಂಗರಾಜನದು. ನಾನು ಸುಬೇದಾರನಾಗಿ ನಿವೃತ್ತನಾದವನು. ಅವನು ನನ್ನ ಕೈಕೆಳಗಿದ್ದ ಹವಾಲ್ದಾರ. ಇಪ್ಪತ್ತು ವರ್ಷದ ಹಿಂದೆ ಹಿಮದ ಗಡಿಯಲ್ಲಿ ಒಂದೇ ಠಾಣೆಯಲ್ಲಿದ್ದೆವು. ಈಗ ಅವನಿಗೆ ಬಿಳಿ ಬಣ್ಣ ಕಂಡರಾಗದು. ಚಳಿಗಾಲದಲ್ಲಿ ಕಬ್ಬಿನ ಗದ್ದೆಯ ಮೇಲೆ ಮಂಜು ಕವಿದರೆ ಬಿಸಿಲೇರುವ ತನಕ ಮನೆಯ ಬಾಗಿಲು ತೆಗೆಯುವುದಿಲ್ಲ. ಮದ್ದೂರಿನ ಒಂದು ಬೀಗರೂಟದಲ್ಲಿ ಎಲೆಯ ಮುಂದೆ ಐಸ್‌ಕ್ರೀಮ್ ಇಟ್ಟರೆಂದು ಪಂಕ್ತಿಯ ನಡುವಿನಿಂದ ಎದ್ದು ಹೊರಟುಹೋದ. ಆ ಮನೆಯವರು ಇವತ್ತಿಗೂ ಅವನನ್ನು ಮಾತಾಡಿಸುವುದಿಲ್ಲ.

ಅವನ ಹೆಂಡತಿ ಜಯಮ್ಮ ಮಾಡಿಸದ ಮದ್ದಿಲ್ಲ. ತಾಯತ ಕಟ್ಟಿಸಿದಳು, ಬೆಟ್ಟಕ್ಕೆ ಕರೆದೊಯ್ದು ಮುಡಿ ಕೊಡಿಸಿದಳು, ನಿಂಬೆಹಣ್ಣು ನೀವಾಳಿಸಿದಳು. ನನ್ನ ಪಾಲಿನ ಮದ್ದು ಎರಡು: ಮಿಲಿಟರಿ ಕ್ಯಾಂಟೀನಿನ ರಮ್ಮು, ಮತ್ತು ದಿನವೂ ಸಂಜೆ ಆರಕ್ಕೆ ಒಂದು ಫೋನು. "ಸಬ್ ಠೀಕ್?" ಎನ್ನುತ್ತೇನೆ. "ಸಬ್ ಠೀಕ್ ಸಾ," ಎನ್ನುತ್ತಾನೆ. ಅಲ್ಲಿಗೆ ನನ್ನ ಕರ್ತವ್ಯ ಮುಗಿಯಿತು. ಕೊನೆಗೆ ಮೈಸೂರಿನಲ್ಲಿ ಸೈನ್ಯದಿಂದ ನಿವೃತ್ತರಾದ ಒಬ್ಬ ಡಾಕ್ಟರ್ ಮೇಡಂ ಕೊಟ್ಟ ಮಾತ್ರೆಯಿಂದ ಅವನಿಗೆ ಸ್ವಲ್ಪ ನಿದ್ದೆ ಬಂತು. ಹಾಲೆಂಡಿನ ಮಾಜಿ ಸೈನಿಕರ ಕೇಂದ್ರವೊಂದು ಹತ್ತು ದಿನಕ್ಕೆ ಬೇರೆ ಬೇರೆ ದೇಶದವರನ್ನು ಕರೆಯುತ್ತಿದೆ ಎಂದು ಹೇಳಿ ಕಳಿಸಿದವರೂ ಅವರೇ. ನಿಂಗರಾಜನಿಗೆ ಇಂಗ್ಲಿಷ್ ಬಾರದು. ಹಾಗಾಗಿ ದುಭಾಷಿಯಾಗಿ ನಾನು.

ಹೊರಡುವ ದಿನ ಜಯಮ್ಮ ನನ್ನ ಕೈಗೆ ಅವನ ಮಾತ್ರೆಯ ಡಬ್ಬಿ ಕೊಟ್ಟು, "ಅರ್ಧ ಮನ್ಸನ್ನ ಕಳಿಸ್ತಾ ಇವ್ನಿ ಕಣಣ್ಣ. ಪೂರ್ತಿ ಮಾಡಿ ಕರ್ಕಂಡ್ ಬನ್ನಿ," ಎಂದಳು. ಆಯ್ತು ಕಣಮ್ಮ ಎಂದು ಎದೆಯುಬ್ಬಿಸಿ ಹೇಳಿದೆ. ಇಷ್ಟು ಜಂಭದಿಂದ ಹೇಳುವ ಯೋಗ್ಯತೆ ನನಗಿರಲಿಲ್ಲ. ಯಾಕೆಂದು ಓದುಗರಿಗೆ ಈಗಲೇ ಹೇಳಿಬಿಡುತ್ತೇನೆ. ನಿಂಗರಾಜನಿಗೆ ಮಾತ್ರ ಹೇಳಿರಲಿಲ್ಲ.

ಸೈನ್ಯದಲ್ಲಿ ಸಂಜೆಯ ಹೊತ್ತು ಪ್ರತಿ ಠಾಣೆಯಿಂದ ಕೆಳಗಿನ ಶಿಬಿರಕ್ಕೆ ವೈರ್‌ಲೆಸ್ಸಿನಲ್ಲಿ ವರದಿ ಹೋಗಬೇಕು. ಇಷ್ಟು ಜನ ಇದ್ದೇವೆ, ಸಬ್ ಠೀಕ್. ನಮ್ಮದು ಆರು ಗಂಟೆಗೆ. ಆ ಸಂಜೆ ನಿಂಗರಾಜ ಮತ್ತು ನಮ್ಮ ಮಳವಳ್ಳಿ ಆಚೆಯ ಬ್ಲಫ್ ಎಂಬ ಊರಿನ ಹುಡುಗ ಕುಮಾರ ಟೆಲಿಫೋನಿನ ತಂತಿ ನೋಡಲು ಇಳಿದವರು ಇನ್ನೂ ಬಂದಿರಲಿಲ್ಲ. ಇನ್ನೇನು ಬರುತ್ತಾರೆ ಎಂದು ನಾನು ಹನ್ನೆರಡು ಜನವೂ ಹಾಜರು, ಸಬ್ ಠೀಕ್ ಎಂದೆ. ಆರೂಕಾಲಾಯಿತು, ಏಳಾಯಿತು. ಇಬ್ಬರನ್ನು ಗುಡ್ಡದಂಚಿಗೆ ಕಳಿಸಿ ಕೂಗಿಸಿದೆ. ಹಗ್ಗ, ಸ್ಟ್ರೆಚರು, ಹುಡುಕುವ ಜನ ಎಲ್ಲ ಕೆಳಗಿನ ಶಿಬಿರದಲ್ಲಿದ್ದವು. ಅವರನ್ನು ಕರೆಯಬೇಕಾದರೆ ನನ್ನ ವರದಿ ಸುಳ್ಳು ಎಂದು ಒಪ್ಪಿಕೊಳ್ಳಬೇಕಿತ್ತು. ನನ್ನ ವರದಿ ಒಂದು ದಿನವೂ ತಪ್ಪಿದ್ದಿಲ್ಲ ಎಂಬ ಹೆಸರಿತ್ತು. ಆ ಹೆಸರಿಟ್ಟುಕೊಂಡು ಎಂಟು ಗಂಟೆಯ ತನಕ ಕೂತು, ಆಮೇಲೆ ಕೆಳಗಿನವರನ್ನು ಕರೆದೆ. ಹಿಮ ಜಾರಿ ಕುಮಾರ ಸೊಂಟದ ತನಕ ಹೂತುಹೋಗಿದ್ದ. ನಿಂಗರಾಜ ಅವನನ್ನು ತಬ್ಬಿಕೊಂಡು ಕೂತಿದ್ದ. ಹುಡುಕುವವರು ಮುಟ್ಟುವ ಹೊತ್ತಿಗೆ ಕುಮಾರ ಹೋಗಿದ್ದ. ವಿಚಾರಣೆಯಲ್ಲಿ ಹವಾಮಾನ ಕಾರಣ ಎಂದು ಬರೆದರು. ಆರು ಗಂಟೆಯ ವಿಷಯ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಳಿದ ದಿನ: ಕೆಂಪು ರಸ್ತೆ

ಹಾಲೆಂಡಿನಲ್ಲಿ ನಮಗೆ ಸಿಕ್ಕ ಮೊದಲ ಮರ್ಯಾದೆ ಸೈಕಲ್ಲಿನವರದು. ರೈಲು ನಿಲ್ದಾಣದ ಹೊರಗೆ ನುಣ್ಣನೆಯ ಕೆಂಪು ದಾರಿಯೊಂದಿತ್ತು. ಸ್ವಚ್ಛವಾಗಿದೆಯಲ್ಲ ಎಂದು ಅದರ ನಡುವೆ ಪೆಟ್ಟಿಗೆ ಇಳಿಸಿ, ನಮ್ಮ ಕಡೆ ರಸ್ತೆಯಲ್ಲಿ ನಿಂತು ಮಾತಾಡುವಂತೆ ಮಾತಾಡುತ್ತಾ ನಿಂತೆವು. ಹೋಗುವವರೆಲ್ಲ ಟ್ರಿಣ್ ಟ್ರಿಣ್ ಎಂದು ಗಂಟೆ ಬಾರಿಸಿ ಏನೋ ಹೇಳಿ ಹೋಗುತ್ತಿದ್ದರು. ಎಷ್ಟು ಒಳ್ಳೆ ಜನ ಎಂದು ನಾನು ಪ್ರತಿಯೊಬ್ಬರಿಗೂ ಕೈಯೆತ್ತಿ ನಮಸ್ಕಾರ ಹೇಳಿದೆ. ಒಬ್ಬ ಮುದುಕಿ ಇಳಿದು, ಇದು ಸೈಕಲ್ ದಾರಿ, ನೀವು ನಿಲ್ಲಬೇಕಾದ್ದು ಅಲ್ಲಿ ಎಂದು ನನ್ನ ತೋಳು ಹಿಡಿದು ಪಕ್ಕಕ್ಕೆ ನಿಲ್ಲಿಸಿದಳು.

"ಅದೇನು ಸಾ ಯೋಳುದ್ಲು ಆ ಯಮ್ಮ?" ಎಂದ ನಿಂಗರಾಜ.

"ಸ್ವಾಗತ ಅಂದ್ಲು ಕಣ್ಲಾ," ಎಂದೆ. ದುಭಾಷಿಯಾಗಿ ನಾನು ಮಾಡಿದ ಮೊದಲ ಅನುವಾದ ಅದು.

ಕೇಂದ್ರ ಇದ್ದದ್ದು ಒಂದು ಕಾಲುವೆಯ ಪಕ್ಕ. ಅಲ್ಲಿನ ನೆಲ ಸಪಾಟು, ನೋಡಿದಲ್ಲೆಲ್ಲ ನೀರು, ಹಸು. ಕಾಲುವೆ ಎಂದರೆ ನಮಗೂ ಹೊಸದಲ್ಲ. ನಮ್ಮನ್ನು ಕರೆದೊಯ್ಯಲು ಬಂದ ಹೆಂಕ್ ಎಂಬ ಭಾರೀ ಆಳಿಗೆ ದಾರಿಯುದ್ದಕ್ಕೂ ನಮ್ಮ ನಾಲೆಯ ಮಹಿಮೆ ವರ್ಣಿಸಿದೆ. ಹೆಂಕ್ ಕೂಡ ಮಾಜಿ ಸೈನಿಕ. ಯಾವುದೋ ದೂರ ದೇಶದಲ್ಲಿ ಶಾಂತಿ ಕಾಯಲು ಹೋಗಿ ಅಶಾಂತಿ ಹೊತ್ತು ಬಂದವನು. ಜೊತೆಯಲ್ಲಿ ಸದಾ ಒಂದು ಕಪ್ಪು ನಾಯಿ. ಅವನು ಎಲ್ಲ ಕೇಳಿ, ನಿಮ್ಮ ನಾಲೆಯಲ್ಲಿ ನೀರು ವರ್ಷಪೂರ್ತಿ ಇರುತ್ತದೆಯೇ ಎಂದ. ನಾನು ಮಾತು ಬದಲಿಸಿದೆ.

ಸಂಜೆ ಆರು ಗಂಟೆಗೆ ಸರಿಯಾಗಿ ನಿಂಗರಾಜನ ಕೋಣೆಯ ಬಾಗಿಲು ಬಡಿದೆ. ನನ್ನದು ಪಕ್ಕದ ಕೋಣೆ, ಹಗಲೆಲ್ಲ ಜೊತೆಯಲ್ಲೇ ಇದ್ದೆವು. ಆದರೂ ಅಭ್ಯಾಸ ಬಿಡಬೇಕಲ್ಲ.

"ಸಬ್ ಠೀಕ್?"

"ಸಬ್ ಠೀಕ್ ಸಾ," ಎಂದ, ಬಾಗಿಲು ತೆಗೆಯದೆಯೇ.

ಮೊದಲ ದಿನ: ಹತ್ತಕ್ಕೆ ಹತ್ತು

ಅಲ್ಲಿನ ಚಿಕಿತ್ಸಕಿಯ ಹೆಸರು ಮಾರ್ಲೀನ್. ನಮ್ಮನ್ನೆಲ್ಲ ವೃತ್ತಾಕಾರದಲ್ಲಿ ಕೂರಿಸಿ, ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಬಂದಳು. ಪ್ರಶ್ನೆಯ ಮೊದಲ ಭಾಗ ನಾನು ಕೇಳಿಸಿಕೊಳ್ಳಲಿಲ್ಲ. ಬೆಳಗಿನ ತಿಂಡಿಗೆ ತಣ್ಣನೆ ಬ್ರೆಡ್ಡಿನ ಮೇಲೆ ಚಾಕೊಲೇಟ್ ಉದುರಿಸಿ ಕೊಟ್ಟದ್ದರ ಬಗ್ಗೆಯೇ ಯೋಚಿಸುತ್ತಿದ್ದೆ. ಆತಿಥ್ಯಕ್ಕೆ ಅಂಕ ಕೇಳುತ್ತಿದ್ದಾರೆ ಎಂದುಕೊಂಡೆ. ಕರೆದು ಉಪಚರಿಸಿದವರಿಗೆ ಕಡಿಮೆ ಕೊಡುವುದು ನಮ್ಮ ಮಂಡ್ಯದ ಜಾಯಮಾನವಲ್ಲ. "ನನ್ನದು ಹತ್ತು, ಇವನದೂ ಹತ್ತು," ಎಂದು ನಿಂಗರಾಜನ ಪರವಾಗಿಯೂ ಹೇಳಿಬಿಟ್ಟೆ.

ಮಾರ್ಲೀನ್ ಎದ್ದು ಬಂದು ನನ್ನ ಮುಂದೆ ಮಂಡಿಯೂರಿದಳು. ಒಬ್ಬರು ನೀರು ತಂದರು, ಇನ್ನೊಬ್ಬರು ಕಿಟಕಿ ತೆಗೆದರು. ನಿಧಾನ ಉಸಿರಾಡಿ, ಇಲ್ಲಿ ನಿಮಗೆ ಅಪಾಯವಿಲ್ಲ ಎಂದಳು. ಆಮೇಲೆ ತಿಳಿಯಿತು, ಅದು ಮನಸ್ಸಿನ ಸಂಕಟದ ಅಳತೆ, ಹತ್ತು ಎಂದರೆ ತಡೆಯಲಾಗದ್ದು. ಹಾಗಾದರೆ ಸೊನ್ನೆ, ಇಬ್ಬರದೂ ಸೊನ್ನೆ ಎಂದು ತಿದ್ದಿದೆ. ಹತ್ತರಿಂದ ಸೊನ್ನೆಗೆ ಅರ್ಧ ನಿಮಿಷದಲ್ಲಿ ಇಳಿದ ರೋಗಿಯನ್ನು ಆಕೆ ಅದುವರೆಗೆ ನೋಡಿರಲಿಲ್ಲವಂತೆ.

ಮಧ್ಯಾಹ್ನ ಆಕೆ ಚಿಕಿತ್ಸೆಗಳನ್ನು ವಿವರಿಸಿದಳು. ಹಳೆಯ ಕ್ರಮದಲ್ಲಿ ಕುರ್ಚಿಯಲ್ಲಿ ಕೂತು ಆ ದಿನ ನಡೆದದ್ದನ್ನು ಹೇಳಬೇಕು, ಮರುವಾರ ಮತ್ತೆ ಅದನ್ನೇ ಹೇಳಬೇಕು, ಅದು ನಡೆದುಹೋದ ಸಂಗತಿ ಎಂದು ಮನಸ್ಸಿಗೆ ಒಪ್ಪಿಗೆಯಾಗುವ ತನಕ. ಅಗತ್ಯವಿದ್ದರೆ ಮಾತ್ರೆ. ಇನ್ನೊಂದರಲ್ಲಿ ಆಕೆಯ ಬೆರಳು ಎಡಕ್ಕೂ ಬಲಕ್ಕೂ ಆಡುತ್ತದೆ, ನೋವನ್ನು ನೆನೆಯುತ್ತಾ ಅದನ್ನು ಕಣ್ಣಿನಲ್ಲಿ ಹಿಂಬಾಲಿಸಬೇಕು. ತೋರಿಸಿಕೊಡಲು ನನ್ನನ್ನೇ ಕೂರಿಸಿದಳು. ವಿಮಾನದಲ್ಲಿ ನಿದ್ದೆಗೆಟ್ಟಿದ್ದ ನಾನು ಗೊರಕೆ ಹೊಡೆದೆ. ಎಲ್ಲಕ್ಕಿಂತ ಹೊಸದು ನಡೆಯುವ ಪಟ್ಟಿ, ಅಂದರೆ ಟ್ರೆಡ್‌ಮಿಲ್ಲು: ಎದುರಿಗೆ ದೊಡ್ಡ ತೆರೆ, ಅದರ ಮೇಲೆ ನಾವೇ ಆರಿಸಿಕೊಟ್ಟ ಚಿತ್ರಗಳು, ಅವುಗಳತ್ತ ನಡೆಯುತ್ತಾ ಮಾತಾಡಬೇಕು.

ಯಾವುದು ಉತ್ತಮ ಎಂದು ಭತ್ತದ ತಳಿ ವಿಚಾರಿಸುವಂತೆ ವಿಚಾರಿಸಿದೆ. ಹಳೆಯದಕ್ಕೇ ಪುರಾವೆ ಹೆಚ್ಚು, ಆದರೆ ಕೂತು ಹೇಳಲಾಗದೆ ಎದ್ದು ಹೋಗುವವರಿದ್ದಾರೆ, ಅಂಥ ಕೆಲವರಿಗೆ ನಡೆಯುತ್ತಾ ಹೇಳುವುದು ಸಾಧ್ಯವಾಗುತ್ತದೆ ಎಂದಳು. ಬೀಗರೂಟದಿಂದ ಎದ್ದು ಹೋದವನನ್ನು ನಾನು ಓರೆಗಣ್ಣಿನಲ್ಲಿ ನೋಡಿದೆ.

ಮೂರನೇ ದಿನ: ಮುದ್ದೆ

ನಿಂಗರಾಜ ಕುರ್ಚಿಯಲ್ಲಿ ಕೂತ. ಮಾರ್ಲೀನ್ ಕೇಳಿದಳು, ಅವನು ತಲೆ ತಗ್ಗಿಸಿಕೊಂಡು ತುಸು ಹೊತ್ತು ಹೇಳಿದ. ಬೆಟ್ಟದ ಚಳಿ, ತಂತಿ, ಕುಮಾರನ ಹರಕು ಕೈಗವಸು. ನಾನು ಇಂಗ್ಲಿಷಿನಲ್ಲಿ, "ಅಲ್ಲಿ ಚಳಿ ಇತ್ತು ಅಂತಾನೆ. ಈಗ ಚೆನ್ನಾಗಿದ್ದಾನೆ," ಎಂದೆ.

"ಅವರು ಎರಡು ನಿಮಿಷ ಮಾತಾಡಿದರು," ಎಂದಳು ಮಾರ್ಲೀನ್.

"ಕನ್ನಡ ಸ್ವಲ್ಪ ಉದ್ದದ ಭಾಷೆ, ಮೇಡಂ."

ಆಕೆ ನಗಲಿಲ್ಲ. ನನ್ನನ್ನು ಹೊರಗೆ ಕರೆದು, ದುಭಾಷಿ ತನ್ನ ಮಾತು ಸೇರಿಸಬಾರದು, ಅವರ ಮಾತು ಬಿಡಬಾರದು ಎಂದಳು. "ಅವನು ಹೀಗೆ ಹೇಳುತ್ತಾನೆ ಎನ್ನಬೇಡಿ. ಅವರು 'ನಾನು' ಎಂದರೆ ನೀವೂ 'ನಾನು' ಎನ್ನಿ." ಸೈನ್ಯದಲ್ಲಿ ಮೂವತ್ತು ವರ್ಷ ಬೇರೆಯವರ ಪರವಾಗಿ ವರದಿ ಕೊಟ್ಟವನಿಗೆ ಇದು ಕಷ್ಟದ ಕೆಲಸ.

ಆವತ್ತು ಬೇಸರ ಕಳೆಯಲು ಅವರ ಅಡುಗೆಮನೆಯಲ್ಲಿ ಮುದ್ದೆ ಮಾಡಿದೆ. ಸಾಕಮ್ಮ ಕಟ್ಟಿಕೊಟ್ಟ ರಾಗಿಹಿಟ್ಟಿತ್ತು, ಹುರುಳಿಕಾಳಿತ್ತು. ಮುದ್ದೆಕೋಲು ಇಲ್ಲದ್ದರಿಂದ ದೋಸೆ ಮಗುಚುವಂಥದ್ದೊಂದರಲ್ಲಿ ತಿರುವಿ ಅದನ್ನು ಮುರಿದೆ. ಮುದ್ದೆಯಲ್ಲಿ ಗಂಟು ನಿಂತಿತ್ತು. ಹೆಂಕ್ ಭಕ್ತಿಯಿಂದ ಕೂತು ಒಂದು ತುತ್ತು ಬಾಯಿಗಿಟ್ಟು ಅಗಿಯತೊಡಗಿದ. ಅಗಿದ, ಅಗಿದ, ಅವನ ಕಣ್ಣಲ್ಲಿ ನೀರು ಬಂತು.

"ಅಯ್ಯೋ, ಅಗೀಬಾರ್ದು ಅನ್ನಿ ಸಾ. ನುಂಗ್ಬೇಕು," ಎಂದು ನಿಂಗರಾಜ ಮೂರು ದಿನದಲ್ಲಿ ಮೊದಲ ಸಲ ನಕ್ಕ. ನಾನು ಅನುವಾದಿಸಿದೆ. ಹೆಂಕ್ ಹೇಗೋ ನುಂಗಿ, ನೀರು ಕುಡಿದು, "ನೀವು ಎಲ್ಲವನ್ನೂ ಹೀಗೆಯೇ ನುಂಗುತ್ತೀರಾ?" ಎಂದ. ಅವನು ಕೇಳಿದ್ದು ಊಟದ ಬಗ್ಗೆ. ನಾನು ಮಾತ್ರ ಕೈಯಲ್ಲಿದ್ದ ತುತ್ತನ್ನು ಮತ್ತೆ ತಟ್ಟೆಗಿಟ್ಟೆ.

ಆಗ ಆ ಕಪ್ಪು ನಾಯಿ ಎದ್ದು ಬಂತು. ಯಾರ ಮನಸ್ಸು ಕದಡಿದೆಯೋ ಅವರ ತೊಡೆಯ ಮೇಲೆ ತಲೆಯಿಡುವಂತೆ ಅದನ್ನು ಪಳಗಿಸಿದ್ದಾರೆ. ಅದು ಹೆಂಕನನ್ನು ದಾಟಿತು, ನಿಂಗರಾಜನನ್ನು ದಾಟಿತು, ನನ್ನ ತೊಡೆಯ ಮೇಲೆ ತಲೆಯಿಟ್ಟಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು. ಸಾರಿನ ವಾಸನೆಗೆ ಬಂದಿದೆ ಎಂದು ಎಲ್ಲರಿಗೂ ಎರಡೆರಡು ಸಲ ಹೇಳಿದೆ.

ಐದನೇ ದಿನ: ನಡೆಯುವ ಪಟ್ಟಿ

ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಸಾಗಿಸುವ ಪಟ್ಟಿ ನೋಡಿದ್ದೀರಲ್ಲ, ಹಾಗೇ ಕಾಲಡಿಯಲ್ಲಿ ಸರಿಯುವ ಪಟ್ಟಿ. ಬೀಳದಂತೆ ನಿಂಗರಾಜನ ಎದೆಗೆ ಬೆಲ್ಟು ಕಟ್ಟಿದರು. ಒಂದು ಪಕ್ಕ ಮಾರ್ಲೀನ್, ಇನ್ನೊಂದು ಪಕ್ಕ ನಾನು. ಎದುರಿನ ತೆರೆಯಲ್ಲಿ ಅವನು ಊರಿಂದ ತಂದಿದ್ದ ಒಂದೇ ಫೋಟೋ ಮೂಡಿತು. ಠಾಣೆಯ ಮುಂದೆ ನಾವು ನಾಲ್ಕು ಜನ, ತುದಿಯಲ್ಲಿ ಹಲ್ಲು ಬಿಟ್ಟುಕೊಂಡು ಕುಮಾರ. ಹಿಂದೆಲ್ಲ ಹಿಮ.

ಬಿಳಿ ಕಂಡರೆ ಬಾಗಿಲು ಹಾಕಿಕೊಳ್ಳುವವನು ಓಡುತ್ತಾನೆ ಎಂದುಕೊಂಡೆ. ಓಡಲಿಲ್ಲ. ನಡೆದ. ನಡೆಯುತ್ತಾ ಮಾತಾಡಿದ, ನಾನು ಒಂದು ಪದವೂ ಬಿಡದೆ ಇಂಗ್ಲಿಷಿಗೆ ತಂದೆ. ನಾನು ಅವನನ್ನು ಎಳೆದೆ ಎಂದೆ, ನನ್ನ ಕೈ ಮರಗಟ್ಟಿತ್ತು ಎಂದೆ.

"ಕುಮಾರ ಮಾತಾಡ್ತಾನೇ ಇದ್ದ. ಅವ್ರವ್ವ ಅವರೇಕಾಳ್ ಸಾರು ಎಂಗ್ ಮಾಡ್ತದೆ ಅಂತ ಯೋಳ್ತಿದ್ದ," ಎಂದ ನಿಂಗರಾಜ. "ನಾನು ವಾಚು ನೋಡ್ದೆ. ಆರಾಗಿತ್ತು. ಎದರ್ಬ್ಯಾಡ ಕಣ್ಲಾ, ಈಗ ರಿಪೋರ್ಟ್ ಓಯ್ತದೆ, ಇಬ್ರು ಬಂದಿಲ್ಲ ಅಂತ ಸುಬೇದಾರ್ ಸಾಬ್ರು ಯೋಳ್ತಾರೆ, ಕೆಳಗಿಂದ ಜನ ಬತ್ತಾರೆ ಅಂದೆ."

ನಾನು ಅದನ್ನೂ ಹೇಳಿದೆ. ನನ್ನ ದನಿ ನನಗೇ ಬೇರೆಯವರದ್ದೆನಿಸುತ್ತಿತ್ತು.

"ಏಳಾಯ್ತು. ಯಾರೂ ಬರ್ನಿಲ್ಲ. ನಾನೇ ಎಲ್ಲೋ ತೆಪ್ಪು ಮಾಡಿವ್ನಿ, ದಾರಿ ತಪ್ಸಿವ್ನಿ, ಅದ್ಕೇ ಸಿಕ್ತಿಲ್ಲ ಅನ್ಕಂಡೆ. ಇವತ್ಗೂ ಅಂಗೇ ಅನ್ಸ್ತದೆ. ಯಾಕ್ ಬರ್ನಿಲ್ವೋ ನಂಗ್ ಗೊತ್ತಿಲ್ಲ."

ಮಾರ್ಲೀನ್ ನನ್ನತ್ತ ನೋಡಿದಳು. ನಾನು ಹೇಳಬೇಕಾದ್ದು ಇಷ್ಟೇ: ಅವರು ಯಾಕೆ ಬರಲಿಲ್ಲವೋ ನನಗೆ ಗೊತ್ತಿಲ್ಲ. ಅವನ 'ನಾನು' ನನ್ನ ಬಾಯಲ್ಲಿ ಬರಬೇಕು. ಗೊತ್ತಿದ್ದವನು ನಾನೊಬ್ಬನೇ. ಇಪ್ಪತ್ತು ವರ್ಷ ನನ್ನ ತಪ್ಪನ್ನು ತನ್ನದೆಂದು ಹೊತ್ತುಕೊಂಡು ಇವನು ಮಂಜಿನ ದಿನ ಬಾಗಿಲು ಹಾಕಿಕೊಂಡು ಕೂತಿದ್ದ, ನಾನು ದಿನಾ ಆರಕ್ಕೆ ಫೋನು ಮಾಡಿ ಎಲ್ಲ ಸರಿಯಾಗಿದೆಯೇ ಎಂದು ಕೇಳುತ್ತಿದ್ದೆ. ನನಗೆ ನಾಚಿಕೆಯಾಯಿತು. ನಾಚಿಕೆ ಎಂದರೆ ಸಣ್ಣ ಮಾತು.

"ನಿಂಗ, ನೀನು ದಾರಿ ತಪ್ಪಿಸ್ನಿಲ್ಲ ಕಣ್ಲಾ," ಎಂದೆ, ಕನ್ನಡದಲ್ಲೇ. "ಆರ್ ಗಂಟೆಗೆ ನಾನು ಸಬ್ ಠೀಕ್ ಅಂದ್ಬುಟ್ಟೆ. ಅನ್ನೆರಡು ಜನವೂ ಅವ್ರೆ ಅಂತ. ಎಂಟರ ಗಂಟ ತಿದ್ನಿಲ್ಲ."

ಮಾರ್ಲೀನ್ ಏನು ಹೇಳಿದಿರಿ ಎಂದಳು. ನನ್ನ ಇಂಗ್ಲಿಷ್ ಅಷ್ಟೂ ಖಾಲಿಯಾಗಿತ್ತು. ಪಟ್ಟಿ ಸರಿಯುತ್ತಲೇ ಇತ್ತು, ನಿಂಗರಾಜ ನಡೆಯುತ್ತಲೇ ಇದ್ದ, ಕುಮಾರನ ಮುಖ ನೋಡುತ್ತಾ. ಕೊನೆಗೆ ತಾನೇ ಕೈಯೆತ್ತಿ ಪಟ್ಟಿ ನಿಲ್ಲಿಸಲು ಸನ್ನೆ ಮಾಡಿ, ಬೆಲ್ಟು ಬಿಚ್ಚಿಕೊಂಡು ಇಳಿದ.

"ಕುಮಾರ ಮಾತು ನಿಲ್ಸಿದ್ದು ಏಳೂವರೆಗೆ," ಎಂದ. ನನ್ನ ಮುಖ ನೋಡದೆ ಹೊರಗೆ ಹೋದ.

ಉಳಿದ ದಿನಗಳು

ಮಾರನೆಯ ದಿನದಿಂದ ದುಭಾಷಿಯ ಕೆಲಸ ಒಂದು ಫೋನಿಗೆ ಹೋಯಿತು. ಈ ಕಡೆ ಕನ್ನಡ ಹೇಳಿದರೆ ಆ ಕಡೆ ಡಚ್ಚಿನಲ್ಲಿ ಹೇಳುವ ಯಂತ್ರ. ನಮ್ಮ ಕಿರುಗಾವಲಿನ ಮಾತು ಅದಕ್ಕೆ ಅರ್ಥವಾಗದೆ, ನಿಂಗರಾಜ ರೇಡಿಯೋದಲ್ಲಿ ವಾರ್ತೆ ಓದುವವನಂತೆ, "ನಾನು ಈಗ ನಡೆಯಲು ಸಿದ್ಧನಾಗಿದ್ದೇನೆ," ಎಂದು ಬಿಡಿಸಿ ಬಿಡಿಸಿ ಹೇಳುವುದು ಗೋಡೆಯಾಚೆ ಕೂತ ನನಗೆ ಕೇಳಿಸುತ್ತಿತ್ತು. ದಿನವೂ ಹೋದ, ದಿನವೂ ಪಟ್ಟಿ ಹತ್ತಿದ. ಆ ಯಂತ್ರ ತಪ್ಪು ಮಾಡಿದರೂ ಮುಚ್ಚಿಡುತ್ತಿರಲಿಲ್ಲ. ನನಗಿಂತ ಅದೇ ವಾಸಿ.

ನಾನು ಕಾಲುವೆಯ ದಂಡೆಯಲ್ಲಿ ಕೂತೆ. ಹೆಂಕ್ ಮತ್ತು ನಾಯಿ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ನಾಯಿಗೆ ಈಗ ಸಾರಿನ ನೆಪ ಹೇಳಲಿಲ್ಲ. ಮಾರ್ಲೀನ್ ಒಂದು ದಿನ ನನಗೂ ಕುರ್ಚಿ ಹಾಕಿಸಿ, ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದಳು. ಮೊದಲ ದಿನ ತಿದ್ದುವ ಮುಂಚೆ ಹೇಳಿದ್ದೇ ಸರಿ ಎಂದೆ. ಆಕೆಯ ಎದುರು ಹಳೆಯ ಕ್ರಮದಲ್ಲಿ, ನನ್ನ ಮುರುಕು ಇಂಗ್ಲಿಷಿನಲ್ಲಿ ಮೂರು ಸಲ ಹೇಳಿದೆ. ಮೂರನೇ ಸಲ ಗೊರಕೆ ಬರಲಿಲ್ಲ, ಅಳು ಬಂತು.

ವಾಪಸು ಬರುವ ವಿಮಾನದಲ್ಲಿ ನಾವಿಬ್ಬರೂ ಅಕ್ಕಪಕ್ಕದ ಸೀಟು. ಊಟದ ಜೊತೆ ಐಸ್‌ಕ್ರೀಮಿನ ಸಣ್ಣ ಬಟ್ಟಲು ಕೊಟ್ಟರು. ನಿಂಗರಾಜ ಅದನ್ನು ಬಹಳ ಹೊತ್ತು ನೋಡಿದ. ತಿನ್ನಲಿಲ್ಲ, ಎದ್ದೂ ಹೋಗಲಿಲ್ಲ.

ಹನಕೆರೆ, ಮಳವಳ್ಳಿ, ಬ್ಲಫ್

ಊರಿಗೆ ಬಂದು ಮೂರು ವಾರವಾದರೂ ಆರು ಗಂಟೆಗೆ ಫೋನು ಮಾಡುವ ಧೈರ್ಯ ಬರಲಿಲ್ಲ. "ಆರಾಯ್ತು, ನಿಮ್ ಎರಡ್ನೇ ಎಂಡ್ತಿಗೆ ಫೋನ್ ಮಾಡ್ನಿಲ್ವಾ?" ಎಂದು ಸಾಕಮ್ಮ ಛೇಡಿಸಿದಳು. ಕೂರಿಸಿಕೊಂಡು ಎಲ್ಲ ಹೇಳಿದೆ. ಅವಳು ಸೊಪ್ಪು ಬಿಡಿಸುವುದು ನಿಲ್ಲಿಸಿ ಪೂರ್ತಿ ಕೇಳಿದಳು.

"ಅಂದ್ರೆ ಹುಚ್ಚು ನಿಮ್ದೇ ಅನ್ನಿ," ಎಂದಳು. ಸ್ವಲ್ಪ ಹೊತ್ತಿನ ಮೇಲೆ ಕಾಫಿ ತಂದು ಪಕ್ಕದಲ್ಲೇ ಕೂತಳು.

ಅದಾದ ಎರಡು ದಿನಕ್ಕೆ, ಸಂಜೆ ಆರಕ್ಕೆ ಸರಿಯಾಗಿ ನನ್ನ ಫೋನು ಹೊಡೆದುಕೊಂಡಿತು. ನಿಂಗರಾಜ. ಎತ್ತಿ ಕಿವಿಗಿಟ್ಟೆ.

"ಏನೂ ಠೀಕಿಲ್ಲ ಕಣಣ್ಣ," ಎಂದ.

ಇಷ್ಟು ವರ್ಷ ನಾನು ಅವನಿಗೆ 'ಸಾ' ಆಗಿದ್ದೆ. ಅಣ್ಣ ಎಂದದ್ದು ಇದೇ ಮೊದಲು.

"ಮಾತ್ರೆ ತಕತಾ ಇವ್ನಿ. ಮೈಸೂರ್ ಮೇಡಂ ತವ ಕೂತ್ಕಂಡು ಯೋಳ್ತಾ ಇವ್ನಿ, ಅಳೇ ಪದ್ಧತಿ. ವಸಿ ಪರವಾಗಿಲ್ಲ. ನಿನ್ ಮೇಲೆ ಕ್ವಾಪ ಓಗಿಲ್ಲ. ಓಯ್ತದೋ ಇಲ್ವೋ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಮಳವಳ್ಳಿ ಬಸ್‌ಸ್ಟ್ಯಾಂಡ್‌ಗೆ ಬಾ. ಕುಮಾರನವ್ವನ್ನ ನೋಡ್ಬೇಕು."

"ನೋಡಿ ಏನಂತ ಯೋಳದ್ಲಾ?"

"ನಂಗೇನ್ ಯೋಳುದ್ಯೋ ಅದೇಯ. ಅವ್ರು ಇವ್ರು ಅನ್ಬ್ಯಾಡ. ನಾನು ಅನ್ಬೇಕು."

ಮಳವಳ್ಳಿಯಲ್ಲಿ ಅವನು ನನಗಿಂತ ಮುಂಚೆ ಬಂದು ನಿಂತಿದ್ದ. ಬ್ಲಫ್ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು. ಕಬ್ಬಿನ ಗದ್ದೆಗಳ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಅವನು ಕಿಟಕಿಯ ಕಡೆ ಕೂತು ಹೊರಗೆ ನೋಡುತ್ತಾ ಬಂದ, ಕೈಯಲ್ಲಿ ಮುಂದಿನ ಸೀಟಿನ ಕಂಬಿ ಬಿಗಿಯಾಗಿ ಹಿಡಿದುಕೊಂಡು. ಕುಮಾರನ ತಾಯಿ ಈಗ ಮಗಳ ಮನೆಯಲ್ಲಿದ್ದಾರೆ, ಅಳಿಯ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದಾನೆ. ಕ್ವಾರ್ಟರ್ಸಿನ ಮೆಟ್ಟಿಲ ಬಳಿ ನಾನು ನಿಂತುಬಿಟ್ಟೆ. ಒಳಗಿಂದ ಅವರೇಕಾಳು ಬೇಯುವ ವಾಸನೆ ಬರುತ್ತಿತ್ತು.

"ಸೊನ್ನೆಯಿಂದ ಅತ್ತರೊಳ್ಗೆ ಎಷ್ಟಣ್ಣ?" ಎಂದ ನಿಂಗರಾಜ.

"ಹತ್ತು ಕಣ್ಲಾ."

"ಈಗ ಸರ್ಯಾಗ್ ಯೋಳ್ದೆ," ಎಂದು ಬಾಗಿಲು ಬಡಿದು, ನನ್ನನ್ನು ಮುಂದೆ ಬಿಟ್ಟು ತಾನು ಒಂದು ಮೆಟ್ಟಿಲು ಕೆಳಗೆ ನಿಂತ.

ಒಳಗೆ ಚಪ್ಪಲಿಯ ಸದ್ದಾಯಿತು. "ಯಾರಪ್ಪ ಅದು?" ಎಂದು ಮುದುಕಿಯ ದನಿ ಕೇಳಿತು.

"ನಾನು ಕಣವ್ವ," ಎಂದೆ.